ಒಣಗಿದ ಮೂಲೆಗೆ ನಾನು ಬರೆದ ಸೊನ್ನೆ

ಆ ನಕ್ಷೆ ಬರೆದದ್ದು ನಾನು. ಕೆರೆಯಂಗಳದಲ್ಲಿ ಹೂಳು ಎಲ್ಲಿ ತೆಗೆಯಬಹುದು, ಎಲ್ಲಿ ತೆಗೆಯಬಾರದು ಎಂದು ಚೌಕ ಹಾಕಿ, ಬಣ್ಣ ತುಂಬಿ, ಕೆಳಗೆ ಸಹಿ ಮಾಡಿ ಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದ ದಿನ ನಾನು ಬಾಯಿ ಬಿಡಲಿಲ್ಲ.

ದಂಡಿನಶಿವರದ ಆಸುಪಾಸಿನ ಐದು ಕೆರೆಗಳನ್ನು ಹದಿನೈದು ದಿನಕ್ಕೊಮ್ಮೆ ಸುತ್ತಿ, ಕಂಡದ್ದನ್ನು ಬರೆದಿಡುವುದು ನಮ್ಮ ಕೆಲಸ. ನೀರು ಎಷ್ಟು ಅಡಿ ಇದೆ, ಯಾವ ಹಕ್ಕಿ ಎಷ್ಟು ಬಂದಿದೆ, ಜೊಂಡು ಎಲ್ಲಿಯವರೆಗೆ ಹಬ್ಬಿದೆ, ಕಸ ಎಲ್ಲಿ ಬಿದ್ದಿದೆ, ಇಂಥವು. ಕೆರೆಗಳ ಉಳಿವಿಗಾಗಿ ದುಡಿಯುವ ಸಣ್ಣದೊಂದು ಸಂಸ್ಥೆ ಈ ಕೆಲಸ ಕೊಟ್ಟಿತ್ತು. ನಮ್ಮ ಎಂದರೆ ನಾನು ಮತ್ತು ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು. ಅವರು ಹನ್ನೊಂದು ವರ್ಷದಿಂದ ಮಾಡುತ್ತಿದ್ದರು, ನಾನು ಸೇರಿ ನಾಲ್ಕು ವರ್ಷ. ಪಿಯುಸಿವರೆಗೆ ಓದಿದ ನನ್ನ ಅಕ್ಷರ ಚೆನ್ನಾಗಿದೆ ಎಂದು ಬರೆಯುವುದನ್ನು ನನಗೆ ಬಿಟ್ಟಿದ್ದರು. ಅವರು ನೋಡಿ ಹೇಳುವುದು, ನಾನು ಫಾರಂ ತುಂಬುವುದು.

ಈ ವರ್ಷ ಸಂಕ್ರಾಂತಿ ಕಳೆದ ಮೇಲಿನ ವಾರ ಭಾವ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲ ಇಳಿಸಿ, ಕುಡಿಯಲು ನೀರು ಕೇಳಿ, ನೀರು ಬರುವ ಮೊದಲೇ ಕುಸಿದರು. ಫೋನ್ ಮಾಡಿದವರು, ಸ್ವಲ್ಪ ಹುಷಾರಿಲ್ಲ, ಬನ್ನಿ ಎಂದಷ್ಟೇ ಹೇಳಿದ್ದರು. ಆಸ್ಪತ್ರೆಯಲ್ಲಿ ಒಂದು ದಿನ ಇರಬೇಕಾಗಬಹುದು ಎಂದು ನಾನು ಒಗೆದ ಅಂಗಿಯೊಂದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದೆ. ಆ ಅಂಗಿಯನ್ನು ಹಾಗೇ ವಾಪಸು ತಂದೆ.

ಏಪ್ರಿಲ್‌ನಲ್ಲಿ ನಮ್ಮೂರಿನ ಕೆರೆಯಲ್ಲಿ ಹೂಳು ತೆಗೆಯುವ ಕೆಲಸ ಬಂತು. ಕೆರೆಯ ತಳದ ಕಪ್ಪು ಗೋಡುಮಣ್ಣು ತೆಂಗಿನ ಬುಡಕ್ಕೆ ಬಿದ್ದರೆ ಮರ ಎರಡು ಮೂರು ವರ್ಷ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಜೆಸಿಬಿ ಬರುತ್ತದೆ ಎಂದರೆ ಸಾಕು, ಟ್ರ್ಯಾಕ್ಟರುಗಳು ಏರಿಯ ಮೇಲೆ ಸಾಲುಗಟ್ಟುತ್ತವೆ. ಮಳೆ ಬಂದರೆ ಆ ವರ್ಷದ ಅವಕಾಶ ಮುಗಿಯಿತು. ಎಲ್ಲಿ ಅಗೆಯಬೇಕು ಎಂದು ತೋರಿಸುವ ಹೊಣೆಯನ್ನು ಕೆರೆ ಸಮಿತಿಯವರು ನಮಗೆ ವಹಿಸಿದ್ದರು. ಹಕ್ಕಿ, ಮೀನು, ಆಮೆ ಇರುವ ಕಡೆ ಬಕೆಟ್ಟು ಇಳಿಯಬಾರದು ಎಂಬುದಷ್ಟೇ ಷರತ್ತು.

ಅಂಗಳವನ್ನು ನಾವು ನಲವತ್ತೆಂಟು ಚೌಕ ಮಾಡಿ ಮೂಲೆಗೊಂದು ಬಿದಿರು ಗೂಟ ನೆಟ್ಟಿದ್ದೆವು. ಪ್ರತಿ ಸಲ ಒಂದೊಂದು ಚೌಕದ ಎದುರು ಐದು ನಿಮಿಷ ನಿಂತು, ಕಂಡದ್ದನ್ನು ಬರೆಯಬೇಕು. ಆಮೆಗೂ ಒಂದು ಕಾಲಂ ಇತ್ತು. ನೀರಿನ ಮೇಲೆ ಮೂಗು ಕಂಡರೆ ಒಂದು. ಕಾಣದಿದ್ದರೆ ಸೊನ್ನೆ. ತೂಬಿನ ಹತ್ತಿರದ ಗುಂಡಿಯಲ್ಲಿ ಕೊನೆಯವರೆಗೂ ನೀರಿರುತ್ತದೆ, ಆಮೆಯ ಮೂಗು ಹೆಚ್ಚಾಗಿ ಕಂಡದ್ದೂ ಅಲ್ಲೇ. ಮೂಡಲ ಮೂಲೆಯ ಹದಿನಾಲ್ಕು ಚೌಕಗಳು ಫೆಬ್ರವರಿಯಲ್ಲೇ ಆರಿ, ಬಿರುಕು ಬಿಟ್ಟು, ದನ ಅಡ್ಡಾಡುವಷ್ಟು ಗಟ್ಟಿಯಾಗಿದ್ದವು. ಫಾರಂ ತಿರುವಿ ನೋಡಿದರೆ ಆ ಚೌಕಗಳಿಗೆ ವರ್ಷ ವರ್ಷವೂ ಬೇಸಿಗೆಯಲ್ಲಿ ಸೊನ್ನೆ. ಎಲ್ಲವೂ ನನ್ನದೇ ಅಕ್ಷರ. ತೂಬಿನ ಗುಂಡಿಗೆ ಹಸಿರು ಬಳಿದೆ, ಅಗೆಯಬಾರದು ಎಂದು. ಮೂಡಲ ಮೂಲೆಗೆ ಕೆಂಪು, ಅಗೆಯಬಹುದು ಎಂದು.

ಭಾವ ಇದ್ದಾಗ ಪ್ರತಿ ವರ್ಷ ಪಡುವಲ ಕಡೆಯನ್ನೇ ತೋರಿಸುತ್ತಿದ್ದರು. ಅಲ್ಲಿಯದು ಗರಸು ಮಣ್ಣು, ತೋಟಕ್ಕೆ ಅಷ್ಟಾಗಿ ಒದಗುವುದಿಲ್ಲ. ಆ ಕಡೆ ಅವರ ನೆಂಟರ ತೋಟಗಳಿವೆ, ಅದಕ್ಕೇ ಹೀಗೆ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ನಾನೂ ಒಮ್ಮೆ ಕೇಳಿದ್ದೆ. ಅಲ್ಲೇ ಇರಲಿ ಬುಡು ಎಂದು ಬೀಡಿ ಹಚ್ಚಿದ್ದರು. ನಕ್ಷೆಗೆ ಕೆಂಪು ಬಳಿಯುವಾಗ, ಈ ವರ್ಷವಾದರೂ ಜನ ಗೊಣಗುವುದಿಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಜೆಸಿಬಿಯ ಚಾಲಕ ತುರುವೇಕೆರೆ ಕಡೆಯವನು, ಮಾತುಗಾರ. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗೈತಣ್ಣ. ನಮ್ಮನೇಲಿ ಭಾಗ ಆಗೋದೈತೆ, ನಿಮ್ಮನ್ನೇ ಕರೀತೀನಿ" ಎಂದ. ಕೆಲಸ ಸಲೀಸಾಗಿ ಸಾಗಿತು. ಯಾವ ಟ್ರೈಲರು ಯಾರ ತೋಟಕ್ಕೆ ಹೋಯಿತು ಎಂದು ನಾನು ಏರಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ.

ಮೊದಲ ದಿನ ಮಧ್ಯಾಹ್ನ ಅಂಗಳಕ್ಕೆ ಇಳಿದು ನೋಡಿದಾಗ, ಅಗೆದ ಮಣ್ಣಿನ ಅಂಚಿನಲ್ಲಿ ಬಟ್ಟಲಿನಂತೆ ಬಾಗಿದ ಕಂದು ಚೂರುಗಳು ಕಂಡವು. ನಮ್ಮ ಸೀಮೆಯ ಕೆರೆಯಲ್ಲಿ ಕರಟ ಕಾಣುವುದು ಹೊಸದಲ್ಲ. ಒಲೆಗೆ ಹೋಗದ ಕರಟವೆಲ್ಲ ಕೊನೆಗೆ ಬಂದು ಬೀಳುವುದು ಕೆರೆಗೇ. ಫಾರಂನಲ್ಲಿ ಕಸದ ಕಾಲಂ ಇತ್ತು. ಅದರಲ್ಲಿ, ಕರಟದ ಚೂರು, ಹೆಚ್ಚು, ಎಂದು ಬರೆದೆ. ಬಗ್ಗಿ ಒಂದನ್ನಾದರೂ ಕೈಗೆ ತೆಗೆದುಕೊಳ್ಳಲಿಲ್ಲ. ಎರಡನೆಯ ದಿನವೂ ಅದನ್ನೇ ಬರೆದೆ.

ಮೂರನೆಯ ದಿನ ಮಣ್ಣು ಹೇಗೆ ಬಳಕೆಯಾಗುತ್ತಿದೆ ಎಂದು ಫೋಟೊ ತೆಗೆಯಲು ಹತ್ತಿರದ ಒಂದು ತೋಟಕ್ಕೆ ಹೋದೆ. ತೋಟದ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಹಿಂದಿನ ದಿನ ಬಂದ ಗೋಡನ್ನು ಪ್ರತಿ ಮರದ ಪಾತಿಗೂ ಗುಡ್ಡೆ ಹಾಕಿಸಿ, ಹೆಂಟೆ ನೆನೆಯಲಿ ಎಂದು ಪೈಪು ಹಿಡಿದು ನೀರು ಬಿಡುತ್ತಿದ್ದರು. ನನ್ನನ್ನು ಕಂಡು ಕೈ ಬೀಸಿ ಕರೆದರು.

"ಬಾ ಇಲ್ಲಿ ಮಗ. ಈ ಮಣ್ಣು ಉಸಿರಾಡ್ತೈತೆ ನೋಡು."

ನೀರು ಇಂಗುವಾಗ ಗುಳ್ಳೆ ಏಳುತ್ತದೆ ಅಜ್ಜಿ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಗುಡ್ಡೆಯ ಮೇಲುಭಾಗ ಸಣ್ಣಗೆ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಹೆಂಟೆ ಉರುಳಿ ಕೆಳಗೆ ಬಿತ್ತು. ಬಿದ್ದ ಜಾಗದಲ್ಲಿ ಎರಡು ತೂತಿನ ಚೂಪು ಮೂಗು ಹೊರಗೆ ಬಂತು, ಅದರ ಹಿಂದೆ ತಲೆ, ಆಮೇಲೆ ಒಂದು ಕಾಲು. ಪಕ್ಕದ ಮರದ ಪಾತಿಯಲ್ಲೂ ಮಣ್ಣು ಅಲುಗುತ್ತಿತ್ತು. ಪೈಪಿನ ನೀರನ್ನು ಅವು ಮಳೆ ಎಂದುಕೊಂಡು ಎದ್ದಿದ್ದವು. ಮೂರನೆಯದು ಹೊರಗೆ ಬಂದಾಗ ಅದರ ಬೆನ್ನಿನ ಒಂದು ಬದಿ ಸೀಳಿಹೋಗಿತ್ತು. ಆದರೂ ಅದು ಕೆರೆ ಇರುವ ದಿಕ್ಕಿಗೇ ಹೆಜ್ಜೆ ಹಾಕುತ್ತಿತ್ತು.

ಗುಡ್ಡೆಯಲ್ಲಿ ಒಂದು ಕರಟ ಕಂಡಿತು. ತೆಗೆದು ಪೈಪಿನ ನೀರಿಗೆ ಹಿಡಿದೆ. ಕೆಸರು ಕರಗಿದ ಮೇಲೆ ಚರ್ಮ ಕಂಡಿತು, ಒಳಮೈಯಲ್ಲಿ ಸಾಲಾಗಿ ಮೂಳೆ. ಆಮೆಯ ಚಿಪ್ಪಿನ ಚೂರು. ಕೈಯಲ್ಲಿದ್ದ ಅದನ್ನು ಎಲ್ಲಿ ಇಡಬೇಕು ಎಂದು ನನಗೆ ತಿಳಿಯಲಿಲ್ಲ.

"ಜೀವ ಇರೋದ್ನ ತಂದು ನನ್ನ ತೋಟದಲ್ಲಿ ಹೂತಿದ್ದೀರಲ್ಲಪ್ಪ" ಎಂದು ಅಜ್ಜಿ ಪೈಪನ್ನು ನೆಲಕ್ಕೆ ಹಾಕಿದರು.

ಬೈಕಿನಲ್ಲಿ ಕೆರೆಗೆ ವಾಪಸು ಬಂದದ್ದು ನನಗೆ ಸರಿಯಾಗಿ ನೆನಪಿಲ್ಲ. ಚಾಲಕನಿಗೆ ಕೈ ತೋರಿಸಿ ನಿಲ್ಲಿಸಿದೆ. ಯಾಕಣ್ಣ ಎಂದ. ಆಳ ಅಳೆಯಬೇಕಂತೆ, ಆಫೀಸಿನವರು ಹೇಳಿದ್ದಾರೆ ಎಂದು ಸುಳ್ಳು ಹೇಳಿದೆ. ಟ್ರ್ಯಾಕ್ಟರಿನವರು ಗೊಣಗುತ್ತಾ ನೆರಳಿಗೆ ಹೋದರು. ನಾನು ಅಗೆದ ಅಂಚಿನ ಉದ್ದಕ್ಕೂ ನಡೆದೆ. ಎರಡು ದಿನ ಕರಟವಾಗಿದ್ದವು ಈಗ ಒಂದೂ ಕರಟವಾಗಿರಲಿಲ್ಲ. ಮೂವತ್ತರವರೆಗೆ ಎಣಿಸಿದೆ, ಮುಂದಕ್ಕೆ ಎಣಿಸಲಾಗಲಿಲ್ಲ.

ಆಗ ತಿಳಿದದ್ದು ಇಷ್ಟು. ನೀರು ಇಳಿಯುವಾಗ ಈ ಆಮೆಗಳೆಲ್ಲ ಆಳದ ಗುಂಡಿ ಸೇರುವುದಿಲ್ಲ. ಬಹಳಷ್ಟು ಅಂಚಿನ ಮೆತ್ತನೆಯ ಗೋಡಿನಲ್ಲಿ ಮೊಳದಷ್ಟು ಕೆಳಗೆ ಇಳಿದು, ಮೇಲೆ ಮಣ್ಣು ಆರಿ ಬಿರುಕು ಬಿಟ್ಟರೂ ಮಳೆ ಬರುವ ತನಕ ಅಲ್ಲೇ ಮಲಗಿರುತ್ತವೆ. ಗೋಡು ಹೆಚ್ಚಿದ್ದದ್ದು ಮೂಡಲ ಮೂಲೆಯಲ್ಲಿ. ನಾನು ಸೊನ್ನೆ ಬರೆದ ಕಡೆ.

ಸಂಸ್ಥೆಯ ಸಂಯೋಜಕರಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಹೆಣ್ಣುಮಗಳು, ನಮ್ಮನ್ನು ಎಂದೂ ಬಿಟ್ಟುಕೊಟ್ಟವರಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಕೇಳಿದರು.

"ಹಳೆಯ ದಾಖಲೆಗಳೆಲ್ಲ ನಿಮ್ಮ ಭಾವನವರ ಕಾಲದ್ದಲ್ಲವೇ? ಮೂಲ ಮಾಹಿತಿಯಲ್ಲೇ ಕೊರತೆ ಇತ್ತು ಎಂದು ವರದಿ ಮಾಡೋಣವೇ?"

ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಫೋನ್ ಹಿಡಿದು ನಿಂತಿದ್ದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಸಮಿತಿಯ ಅಧ್ಯಕ್ಷರಿಗೂ ಹಾಗೆಯೇ ತಿಳಿಸಿದರು. ಸತ್ತವರನ್ನು ಯಾರೂ ಕರೆದು ಕೇಳುವುದಿಲ್ಲವಲ್ಲ ಎಂಬ ಯೋಚನೆ ನನ್ನ ತಲೆಯಲ್ಲಿ ಬಂದು ಹೋಯಿತು. ಅದು ಬಂದದ್ದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಸಂಜೆ ಅಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮ ಭಾವ ತಪ್ಪು ಬರ್ದಿದ್ರಂತೆ. ಡೈರಿ ಹತ್ರ ಮಾತಾಡ್ಕೊತಾವ್ರೆ. ಹೌದೇನೋ?"

ನಡೆದದ್ದನ್ನು ಹೇಳಿದೆ. ತೋಟದ ಅಜ್ಜಿ, ಕರಟ, ಕೆಂಪು ಬಣ್ಣ, ಎಲ್ಲ. ಅವಳ ಕೈಯಲ್ಲಿದ್ದ ಕಲ್ಲು ನಿಂತಿತು.

"ಮೂಡಲ ಮೂಲೇನಾ?" ಎಂದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಅಲ್ಲಿ ಮಲಗಿರ್ತವೆ ಅಂತ ಅವ್ರಿಗೆ ಗೊತ್ತಿತ್ತು ಕಣೋ" ಎಂದಳು.

ಆಗ ಅವಳು ಹೇಳಿದ ಸಂಗತಿ ಇದು. ನಾನು ಕೆಲಸಕ್ಕೆ ಸೇರುವ ಮೊದಲು ಭಾವ ಪಕ್ಕದ ಊರಿನ ಕೆರೆಯಲ್ಲಿ ಆಮೆ ಮಲಗುವ ಜಾಗವನ್ನು ಬರೆದು, ನೋಡಲು ಬಂದ ಯಾರಿಗೋ ತೋರಿಸಿದ್ದರಂತೆ. ಒಂದು ವಾರ ಕಳೆಯುವುದರೊಳಗೆ ಮಾಂಸಕ್ಕಾಗಿ ಕಂಬಿ ಚುಚ್ಚಿ ಆಮೆ ಹುಡುಕುವವರು ಬಂದು ಆ ಮೂಲೆಯನ್ನೇ ಬರಿದು ಮಾಡಿದ್ದರು. ಅಂದಿನಿಂದ ಭಾವ ಅದನ್ನು ಬರೆಯುವುದನ್ನೇ ಬಿಟ್ಟರು. ಬರೆದದ್ದನ್ನು ಓದುವವರೆಲ್ಲ ಒಳ್ಳೆಯವರೇ ಇರುತ್ತಾರೆಯೇ ಎನ್ನುತ್ತಿದ್ದರಂತೆ. ಒಣಗಿದ ಚೌಕದ ಎದುರು ನಿಂತು, ಸೊನ್ನೆ ಹಾಕು ಎಂದು ನನಗೆ ಹೇಳುತ್ತಿದ್ದದ್ದು ಅದಕ್ಕೆ. ಪ್ರತಿ ವರ್ಷ ಬೈಸಿಕೊಂಡು ಪಡುವಲ ಕಡೆಯ ಗರಸು ತೋರಿಸುತ್ತಿದ್ದದ್ದೂ ಅದಕ್ಕೆ.

ನನಗೆ ಕೋಪ ಬಂತು. ಅವರು ತೀರಿಕೊಂಡ ಮೂರು ತಿಂಗಳಲ್ಲಿ ಅತ್ತಿದ್ದೆ, ಊಟ ಬಿಟ್ಟಿದ್ದೆ. ಅವರ ಮೇಲೆ ಕೋಪಗೊಂಡದ್ದು ಅಂದೇ ಮೊದಲು.

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕ? ನಾಲ್ಕ್ ವರ್ಷ ಜೊತೇಲಿ ನಡ್ದಿದ್ದೀನಿ."

"ಸಾಯೋದು ಗೊತ್ತಿದ್ರೆ ಹೇಳ್ತಿದ್ರು" ಎಂದಳು. ಕಲ್ಲನ್ನು ಪಕ್ಕಕ್ಕಿಟ್ಟು, "ನಿಂಗೆ ಹೇಳವ್ರೆ ಅಂತ್ಲೇ ನಾನೂ ಅನ್ಕೊಂಡಿದ್ದೆ" ಎಂದು ಸೇರಿಸಿದಳು.

ಮುಂದೇನು ಎಂಬುದನ್ನು ಆ ಜಗಲಿಯಲ್ಲೇ ತೀರ್ಮಾನಿಸಬೇಕಿತ್ತು. ಮೂಡಲ ಮೂಲೆಯಲ್ಲಿ ಇನ್ನೂ ಆರು ಚೌಕ ಉಳಿದಿದ್ದವು. ಮಣ್ಣು ಹೋದ ತೋಟಗಳು ಇಪ್ಪತ್ತಮೂರು. ತೋಟಗಳಲ್ಲಿ ಬದುಕಿರುವುದನ್ನು ಹುಡುಕಬೇಕೆಂದರೆ ಆಮೆ ಹೇಗೆ ಮಲಗುತ್ತದೆ, ಎಷ್ಟು ಆಳದಲ್ಲಿ, ಎಂಥ ಮಣ್ಣಿನಲ್ಲಿ ಎಂದು ಇಡೀ ಊರಿಗೆ ಹೇಳಬೇಕು. ಹೇಳಿದರೆ ಉಳಿದ ಆರು ಚೌಕದ ಗುಟ್ಟು ಹೋಯಿತು. ಹೇಳದೆ ಏನೋ ನೆಪ ಹೂಡಿ ಕೆಲಸ ನಿಲ್ಲಿಸಿದರೆ ಆರು ಚೌಕ ಉಳಿಯುತ್ತವೆ, ತೋಟದಲ್ಲಿರುವವು ನೇಗಿಲಿಗೆ ಸಿಗುತ್ತವೆ. ಭಾವ ಇದ್ದಿದ್ದರೆ ಸುಮ್ಮನಿರುವುದನ್ನೇ ಆರಿಸಿಕೊಳ್ಳುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಕ್ಕ ಬೀಜಗಳನ್ನು ಮೊರಕ್ಕೆ ತುಂಬಿಕೊಂಡು ಎದ್ದಳು. "ಮುಚ್ಚಿಟ್ಟಿದ್ದಕ್ಕೆ ಏನಾಯ್ತು ಅಂತ ನೋಡ್ದಲ್ಲ. ನಾಳೆ ನಾನೂ ಬತ್ತೀನಿ. ನೀನೇ ಹೇಳ್ಬೇಕು. ನೀನು ಹೇಳ್ದಿದ್ರೆ ನಾನ್ ಹೇಳ್ತೀನಿ."

ಬೆಳಿಗ್ಗೆ ಏರಿಯ ಮೇಲೆ ಹತ್ತು ಟ್ರ್ಯಾಕ್ಟರು ನಿಂತಿದ್ದವು. ಅಧ್ಯಕ್ಷರೂ ಬಂದಿದ್ದರು. ನಾನು ನಾಲ್ಕು ಜನರ ಎದುರು ಮಾತಾಡಿದವನಲ್ಲ. ಧ್ವನಿ ಸಣ್ಣದಾಗಿತ್ತು, ಹಿಂದಿನವರು ಗಟ್ಟಿಯಾಗಿ ಹೇಳಪ್ಪ ಎಂದರು. ನಕ್ಷೆ ನನ್ನದು, ಭಾವನವರದಲ್ಲ, ಅವರಿದ್ದಿದ್ದರೆ ಈ ಕಡೆ ಬಕೆಟ್ಟು ಇಳಿಯುತ್ತಿರಲಿಲ್ಲ ಎಂದೆ. ಆಮೇಲೆ ಆಮೆಗಳ ವಿಷಯ ಹೇಳಿದೆ. ಅಕ್ಕ ಸೆರಗು ಹೊದ್ದು ಒಂದು ಕಲ್ಲಿನ ಮೇಲೆ ಕೂತು ಕೇಳುತ್ತಿದ್ದಳು.

ಟವೆಲ್ ಸುತ್ತಿಕೊಂಡಿದ್ದ ಒಬ್ಬ ರೈತರು, "ಮೂರ್ ದಿನ ಹೊಡೆಸ್ಬುಟ್ಟು ಇವತ್ ಹೇಳ್ತೀಯಲ್ಲಪ್ಪ. ಇನ್ನ ನಂದೊಂದ್ ಲೋಡೂ ಬಂದಿಲ್ಲ. ನಾನೇನ್ ಆಮೆ ತಿಂದಿದ್ನಾ?" ಎಂದರು. ಕೆಲವರು ನಕ್ಕರು. ಪಡುವಲ ಕಡೆಯಿಂದ ನಿಮಗೆ ಮೊದಲು ಕೊಡಿಸುತ್ತೇವೆ ಎಂದು ಅಧ್ಯಕ್ಷರು ಅವರನ್ನು ಸಮಾಧಾನಪಡಿಸಿದರು.

ಚಾಲಕ ಮಾತ್ರ ನಗಲಿಲ್ಲ. ಗಾಡಿಯಿಂದ ಇಳಿದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಹತ್ತಿರ ಹೋದಾಗ ಹೇಳಿದ.

"ಸದ್ದು ಬತ್ತಿತ್ತು ಅಣ್ಣ. ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಚಟ್ ಚಟ್ ಅಂತ. ನಾನೂ ಕರಟ ಅನ್ಕೊಂಡೆ."

ಅವನು ಆ ದಿನ ಗಾಡಿ ಓಡಿಸಲಿಲ್ಲ, ನಮ್ಮ ಜೊತೆ ತೋಟಗಳಿಗೆ ಬಂದ.

ಹುಡುಕುವ ಕೆಲಸ ಐದು ದಿನ ನಡೆಯಿತು. ನಾನು ಬರೆದುಕೊಂಡಿದ್ದ ಪಟ್ಟಿ ಹಿಡಿದು ತೋಟದಿಂದ ತೋಟಕ್ಕೆ ಹೋದೆವು. ಮಣ್ಣು ಹರಡಬೇಡಿ, ಗುದ್ದಲಿ ಹಾಕಬೇಡಿ ಎಂದು ಮುಂಚೆಯೇ ಫೋನ್ ಮಾಡಿಸಿದ್ದೆವು. ಗುಡ್ಡೆಯ ಮೇಲೆ ನೀರನ್ನು ಮಳೆಯಂತೆ ಸಣ್ಣಗೆ ಬಿಡಬೇಕು, ಅರ್ಧ ಗಂಟೆ ಕಾಯಬೇಕು. ಮಣ್ಣು ಅಲುಗಿದರೆ ಬರಿಗೈಯಲ್ಲಿ ಬಿಡಿಸಬೇಕು. ಅಲುಗದಿದ್ದರೂ ಒಮ್ಮೆ ಕೈ ಹಾಕಿ ತಡಕಬೇಕು, ಕೆಲವು ಏಳುವುದಿಲ್ಲ. ಸಿಕ್ಕಿದ್ದನ್ನು ಒದ್ದೆ ಗೋಣಿ ಹಾಸಿದ ಬಾಂಡ್ಲಿಯಲ್ಲಿಟ್ಟು ತೂಬಿನ ಗುಂಡಿಗೆ ಒಯ್ಯಬೇಕು. ಸತ್ತವುಗಳಿಗೆ ಬೇರೆ ಚೀಲ. ಅರಣ್ಯ ಇಲಾಖೆಯವರೊಬ್ಬರು ಬಂದು ಎಲ್ಲವನ್ನೂ ಬರೆದುಕೊಂಡರು. ಪಶುವೈದ್ಯರು ಬೆನ್ನು ಸೀಳಿದ ಕೆಲವಕ್ಕೆ ಮದ್ದು ಹಚ್ಚಿದರು. ಬದುಕಿದ್ದವು ಅರವತ್ತೊಂದು ಸಿಕ್ಕವು. ಮೂರು ತೋಟಗಳಲ್ಲಿ ಮಣ್ಣನ್ನು ಆಗಲೇ ಹರಡಿ ಉತ್ತಿದ್ದರು, ಅಲ್ಲಿ ನಾವು ಚೀಲವನ್ನಷ್ಟೇ ತುಂಬಿದೆವು.

ಹುಡುಕಾಟದ ನಾಲ್ಕನೆಯ ಬೆಳಿಗ್ಗೆ ಉಳಿದ ಆರು ಚೌಕಗಳನ್ನು ನೋಡಲು ಹೋದಾಗ, ನೆಲದಲ್ಲಿ ಬೆರಳು ಗಾತ್ರದ ತೂತುಗಳು ಕಂಡವು. ಕಂಬಿ ಚುಚ್ಚಿದ ತೂತು. ಐದು ಕಡೆ ಮೊಳದುದ್ದದ ಗುಂಡಿ, ಒಳಗೆ ಮಣ್ಣು ನುಣ್ಣಗೆ, ಬಟ್ಟಲು ಕವುಚಿ ತೆಗೆದಂತೆ. ಏರಿಯ ಮೇಲೆ ನನ್ನ ಮಾತು ಕೇಳಿಸಿಕೊಂಡವರಲ್ಲೇ ಯಾರೋ. ಭಾವ ಹೆದರಿದ್ದು ಮೂರೇ ದಿನಕ್ಕೆ ನಿಜವಾಗಿತ್ತು.

ಅಕ್ಕನಿಗೆ ಹೇಳಿದೆ. ಬಂದು ಐದೂ ಗುಂಡಿಗಳನ್ನು ಬಗ್ಗಿ ನೋಡಿದಳು. ನನ್ನನ್ನಾಗಲಿ ಯಾರನ್ನಾಗಲಿ ಬೈಯಲಿಲ್ಲ. ಮರುದಿನದಿಂದ ತನ್ನ ಹುಣಸೆಹಣ್ಣಿನ ಗೋಣಿ, ಕಲ್ಲು, ಒಂದು ಕೊಡೆ ತೆಗೆದುಕೊಂಡು ಆ ಚೌಕಗಳ ಪಕ್ಕದಲ್ಲೇ ಕೂರತೊಡಗಿದಳು. ಎರಡು ದಿನ ಕಳೆದ ಮೇಲೆ ಬೀದಿಯ ಇಬ್ಬರು ಹೆಂಗಸರು ಅವರವರ ಹುಣಸೆ ಹೊತ್ತು ಜೊತೆಯಾದರು. ಇಲ್ಲಿ ಗಾಳಿ ಚೆನ್ನಾಗಿದೆ ಎಂದು ನೆಪ ಹೇಳುತ್ತಿದ್ದರು. ಹೊಸ ತೂತು ಬೀಳಲಿಲ್ಲ.

ನಾನು ವರದಿಯನ್ನು ನನ್ನ ಹೆಸರಿನಲ್ಲಿ ಬರೆದು ಕಳಿಸಿದೆ. ಸಂಯೋಜಕರು ಓದಿ, ಇದು ಹೀಗೇ ಇರಲಿ ಎಂದರು. ಫಾರಂನಲ್ಲಿ ಒಂದು ಬದಲಾವಣೆಯನ್ನೂ ಕೇಳಿದೆ, ಒಪ್ಪಿದರು. ನೀರು ಆರಿದ ಚೌಕಕ್ಕೆ ಇನ್ನು ಮುಂದೆ ಆಮೆಯ ಕಾಲಂನಲ್ಲಿ ಸೊನ್ನೆ ಹಾಕುವಂತಿಲ್ಲ. ನೋಡಿಲ್ಲ ಎಂದು ಬರೆಯಬೇಕು. ಅವು ಮಲಗುವ ಜಾಗದ ನಕ್ಷೆಯೊಂದನ್ನೂ ಮಾಡಿದ್ದೇನೆ. ಅದು ಮೂರು ಜನರ ಹತ್ತಿರ ಇದೆ, ಅವರಲ್ಲಿ ಅಕ್ಕನೂ ಒಬ್ಬಳು. ಇದು ಸರಿಯಾದ ದಾರಿಯೇ ಎಂದು ನನಗೆ ಖಚಿತವಿಲ್ಲ. ಒಬ್ಬನ ತಲೆಯಲ್ಲಿ ಮಾತ್ರ ಇರುವುದಕ್ಕಿಂತ ವಾಸಿ ಎಂದಷ್ಟೇ ಗೊತ್ತು.

ಭರಣಿ ಮಳೆ ಈ ಸಲ ಚೆನ್ನಾಗಿ ಹುಯ್ದಿತು. ಮಳೆ ಬಿಟ್ಟ ಬೆಳಿಗ್ಗೆ ನಾನು ಅಕ್ಕನನ್ನು ಕರೆದುಕೊಂಡು ಹೋದೆ. ಅಗೆಯದ ಆರು ಚೌಕಗಳಲ್ಲಿ ಮಣ್ಣು ಒಡೆದು ಒಂದೊಂದಾಗಿ ಹೊರಗೆ ಬಂದವು. ಹತ್ತು ಗಂಟೆಯ ಹೊತ್ತಿಗೆ ಹದಿನೇಳು. ಅಕ್ಕ ಎಣಿಸಿ ಹೇಳಿದಳು, ನಾನು ಬರೆದುಕೊಂಡೆ.

ಅಗೆದ ಎಂಟು ಚೌಕಗಳಲ್ಲಿ ಆಳಕ್ಕೆ ನೀರು ನಿಂತಿತ್ತು. ಸುತ್ತಮುತ್ತ ಕಾಲು ಮುಳುಗುವಷ್ಟು, ಅಲ್ಲಿ ಮಾತ್ರ ಆಳೆತ್ತರ. ಜನ ಏರಿಯ ಮೇಲೆ ನಿಂತು ನೋಡಿ ಸಂತೋಷಪಡುತ್ತಿದ್ದರು. ಅಂದು ನನ್ನನ್ನು ಹಂಗಿಸಿದ್ದ ಟವೆಲ್ಲಿನ ರೈತರು ಬಂದು ನನ್ನ ಪಕ್ಕ ನಿಂತರು.

"ಒಳ್ಳೆ ಕೆಲ್ಸ ಆಯ್ತು ಕಣಪ್ಪ. ಎಷ್ಟ್ ನೀರ್ ನಿಂತೈತೆ ನೋಡು. ನಿಮ್ ಭಾವ ಇದ್ದಿದ್ರೆ ಖುಷಿ ಪಡೋರು."

"ಪಡ್ತಿರ್ಲಿಲ್ಲ ಕಣಣ್ಣ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಆ ನೀರಿನ ಕಡೆ ತಿರುಗಿದರು. ಅಗೆಯದ ಕಡೆಯಿಂದ ಒಂದು ಆಮೆ ನಿಧಾನವಾಗಿ ಬಂದು ನೀರಿಗಿಳಿಯಿತು.

"ಈ ಕಡೇಲಿ ಎಷ್ಟಿದ್ವೋ?" ಎಂದು ಮೆಲ್ಲಗೆ ಕೇಳಿದರು.

ನಾನು ಲೆಕ್ಕ ಇಡುವವನು ಎಂದು ತಾನೇ ಅವರು ನನ್ನನ್ನು ಕೇಳಿದ್ದು. ಚೀಲದಲ್ಲಿ ತುಂಬಿದ್ದು ಎಷ್ಟು ಎಂದು ಹೇಳಬಹುದಾಗಿತ್ತು. ಉತ್ತು ಮಣ್ಣಾದದ್ದು, ಬಕೆಟ್ಟಿನಡಿ ಪುಡಿಯಾದದ್ದು, ಮೊದಲ ಎರಡು ದಿನ ನಾನು ಕಸ ಎಂದು ಬರೆದು ದಾಟಿಹೋದದ್ದು ಅದರಲ್ಲಿ ಸೇರುವುದಿಲ್ಲ.

ಗೊತ್ತಿಲ್ಲ ಎಂದೆ.